ಯಂತ್ರದ ಕೆಲಸವು ಕಾಯಕವಾಗಬಲ್ಲುದೆ?

ಕಾಯಕವೆಂಬ ಪದವು ‘ಕಾಯ’ ಶಬ್ದದಿಂದ ಬಂದುದು. ಕಾಯದಿಂದ ಆಗತಕ್ಕುದು ಕಾಯಕ. ದೇಹವನ್ನು ದುಡಿಸಿ, ಸತ್ಯಶುದ್ಧವಾಗಿ ಗಳಿಸಿ, ಗಳಿಸಿದುದನ್ನು ದಾಸೋಹಕ್ಕೆ ಸಲ್ಲಿಸುವುದು ಶರಣರು ತೋರಿದ ಮಾರ್ಗ. ನುಲಿಯ ಚಂದಯ್ಯನು ಹುಲ್ಲು ಕೊಯ್ದು ಹಗ್ಗ ಹೊಸೆದನು. ಮೇದರ ಕೇತಯ್ಯನು ಬಿದಿರು ಸೀಳಿ ಬುಟ್ಟಿ ಹೆಣೆದನು. ಅಂಬಿಗರ ಚೌಡಯ್ಯನು ಹುಟ್ಟು ಹಾಕಿ ದೋಣಿ ನಡೆಸಿದನು. ಜೇಡರ ದಾಸಿಮಯ್ಯನು ಮಗ್ಗದಲ್ಲಿ ಕುಳಿತು ಬಟ್ಟೆ ನೆಯ್ದನು. ಇವರೆಲ್ಲರ ಕೆಲಸದಲ್ಲಿ ಕೈ, ಸಲಕರಣೆ, ಮನಸ್ಸು ಈ ಮೂರೂ ಒಂದೇ ಎಡೆಯಲ್ಲಿದ್ದವು. ಹೊಸೆಯುವ ಹಗ್ಗದಲ್ಲಿ ಎಳೆಯೊಂದು ಸಡಿಲವಾದರೆ ಅಂಗೈಗೆ ಆ ಕ್ಷಣವೇ ತಿಳಿಯುವುದು, ಮನಸ್ಸು ಎಚ್ಚರಗೊಳ್ಳುವುದು, ಕೈ ತಿದ್ದಿಕೊಳ್ಳುವುದು.

ಈಗ ಕಾಲವು ಬೇರೆಯಾಗಿದೆ. ಅಂಕಿಗಳ ಆಜ್ಞೆಯಂತೆ ತಾನೇ ಚಲಿಸಿ ಲೋಹವನ್ನು ಕೊರೆಯುವ ಯಂತ್ರಗಳು ಬಂದಿವೆ. ಇವುಗಳಿಗೆ ಸಿ.ಎನ್.ಸಿ. ಯಂತ್ರಗಳೆಂದು ಹೆಸರು. ಅಂಕಿಗಳಿಂದ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಅಮೆರಿಕದ ಎಂ.ಐ.ಟಿ. ಎಂಬ ವಿದ್ಯಾಸಂಸ್ಥೆಯಲ್ಲಿ 1952ರಲ್ಲಿ ಮೊದಲು ಪ್ರದರ್ಶಿಸಿದರು. ಇಂದು ಬೆಂಗಳೂರಿನ ಪೀಣ್ಯದಲ್ಲಿಯೂ ಬೆಳಗಾವಿಯಲ್ಲಿಯೂ ಸಣ್ಣ ಕಾರಖಾನೆಗಳವರು ಕೂಡ ಇವನ್ನು ಇಟ್ಟುಕೊಂಡಿರುವರು. ಗಾಜಿನ ಬಾಗಿಲು ಮುಚ್ಚಿದ ಮೇಲೆ ಒಳಗೆ ನಡೆಯುವ ಕೆಲಸವನ್ನು ಮನುಷ್ಯನ ಕೈ ಮುಟ್ಟುವುದಿಲ್ಲ. ಕಾಯವು ಮುಟ್ಟದ ಕೆಲಸವು ಕಾಯಕವಾಗುವುದು ಹೇಗೆ? ಇದೇ ಇಲ್ಲಿಯ ವಿಚಾರ.

ಕಲಬುರಗಿಯಲ್ಲಿ ಈ ಪ್ರಶ್ನೆಯು ಬರಿಯ ತರ್ಕದ ಪ್ರಶ್ನೆಯಾಗಿ ಉಳಿದಿಲ್ಲ. ಶರಣಬಸವೇಶ್ವರರು 1746ರಲ್ಲಿ ಅರಳಗುಂಡಗಿಯಲ್ಲಿ ಜನಿಸಿ, ಒಕ್ಕಲುತನವನ್ನೇ ಕಾಯಕವಾಗಿ ಕೈಕೊಂಡು, ಬೆಳೆದುದನ್ನು ದಾಸೋಹಕ್ಕೆ ಇಟ್ಟು, 1822ರಲ್ಲಿ ಲಿಂಗೈಕ್ಯರಾದರು. ಕಲಬುರಗಿಯ ಅವರ ದೇವಸ್ಥಾನದ ಅಂಗಳಕ್ಕೆ ಇಂದಿಗೂ ಒಕ್ಕಲಿಗರು ಹೊಸ ಫಲವನ್ನು ತರುವರು. ಅದೇ ಅಂಗಳದಲ್ಲಿ ಪರೀಕ್ಷೆಗೆ ಮುನ್ನವೂ ನೌಕರಿಗೆ ಹೊರಡುವ ಮುನ್ನವೂ ಕೈಮುಗಿದು ನಿಲ್ಲುವ ತರುಣರನ್ನು ಕಾಣಬಹುದು. ಈ ಊರಿನಲ್ಲಿ ಪಿ.ಡಿ.ಎ. ಎಂಜಿನಿಯರಿಂಗ್ ಕಾಲೇಜು 1958ರಿಂದ ಇದೆ. ಶರಣಬಸವೇಶ್ವರ ವಿದ್ಯಾವರ್ಧಕ ಸಂಘದ ಆಶ್ರಯದಲ್ಲಿ ಶರಣಬಸವ ವಿಶ್ವವಿದ್ಯಾಲಯವು 2017ರಲ್ಲಿ ಸ್ಥಾಪಿತವಾಯಿತು. ಡೆನ್ಮಾರ್ಕ್ ಸರಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಕ್ಕೆ ಕಲಬುರಗಿಯಲ್ಲಿಯೂ ಶಾಖೆಯುಂಟು. ನೇಗಿಲು ಹಿಡಿದ ತಂದೆಯ ಮಗನು ಯಂತ್ರದ ಮುಂದೆ ನಿಲ್ಲುವ ಕಾಲವಿದು. ತಂದೆಯ ಕಾಯಕವು ಮಗನಲ್ಲಿ ಮುಂದುವರಿಯಿತೋ, ಇಲ್ಲವೆ ಬರಿಯ ಸಂಬಳವಾಯಿತೋ ಎಂಬುದನ್ನು ಅರಿಯಬೇಕಾಗಿದೆ.

ವಿಚಾರವು ಗಾಳಿಯಲ್ಲಿ ತೇಲದಂತೆ ಒಂದೇ ಒಂದು ಕೆಲಸವನ್ನು ಹಿಡಿದು ನೋಡುವುದು ಒಳ್ಳೆಯದು. ಆ ಕೆಲಸವಾವುದೆಂದರೆ ಅಲ್ಯೂಮಿನಿಯಂ ತುಂಡಿನಲ್ಲಿ ರಂಧ್ರ ಕೊರೆದು, ಅದರ ಒಳಗೋಡೆಗೆ ಬೋಲ್ಟು ತಿರುಗಿ ಕೂರುವಂತೆ ಸುರುಳಿಯಾದ ಗೀರುಗಳನ್ನು ಮಾಡುವುದು. ಈ ಗೀರುಗಳಿಗೆ ಕಾರಖಾನೆಯವರು ಥ್ರೆಡ್ ಎನ್ನುವರು; ಗೀರುವ ಉಕ್ಕಿನ ಸಲಕರಣೆಗೆ ಟ್ಯಾಪು ಎನ್ನುವರು; ಕೆಲಸಕ್ಕೆ ಟ್ಯಾಪ್ ಹೊಡೆಯುವುದು ಎನ್ನುವರು. ಮನೆಯ ಮುಂದೆ ನಿಂತಿರುವ ಮೋಟರ್ ಸೈಕಲ್ಲಿನ ಎಂಜಿನ್ನನ್ನು ಕಂಡ ಗೃಹಸ್ಥರೆಲ್ಲರೂ ಇದನ್ನು ಅರಿಯಬಲ್ಲರು. ಎಣ್ಣೆ ಬದಲಿಸುವಾಗ ಕೆಳಗಿನ ಬೋಲ್ಟನ್ನು ಬಲವಾಗಿ ಬಿಗಿದರೆ, ಉಕ್ಕಿನ ಬೋಲ್ಟಿಗೆ ಏನೂ ಆಗುವುದಿಲ್ಲ. ಅಲ್ಯೂಮಿನಿಯಂನ ಒಳಗಣ ಥ್ರೆಡ್ಡು ಕಿತ್ತು ಬರುವುದು. ಆ ಮೇಲೆ ಬೋಲ್ಟು ಎಷ್ಟು ತಿರುವಿದರೂ ತಿರುಗುತ್ತಲೇ ಇರುವುದು, ಹಿಡಿಯುವುದಿಲ್ಲ.

ಕೈಯಿಂದ ಟ್ಯಾಪ್ ಹೊಡೆಯುವವನು ಹಿಡಿಕೆಯನ್ನು ಒಂದು ಸುತ್ತು ಮುಂದೆ ತಿರುವಿ, ಅರ್ಧ ಅಥವಾ ಕಾಲು ಸುತ್ತು ಹಿಂದಕ್ಕೆ ತಿರುವುವನು. ಹಿಂದಕ್ಕೆ ತಿರುವಿದಾಗ ಕೊರೆದ ಲೋಹದ ಸುರುಳಿಯು ಮುರಿದು ಸಡಿಲವಾಗುವುದು. ಒಳಗೆ ಬಿಗಿಯಾಯಿತೆಂದರೆ ಅವನ ಮಣಿಕಟ್ಟಿಗೆ ತಿಳಿಯುವುದು. ಅವನು ನಿಲ್ಲುವನು, ಎಣ್ಣೆ ಹಾಕುವನು. ಇಲ್ಲಿ ಲೋಹವು ಮಾತನಾಡುವುದು, ಕೈ ಕೇಳುವುದು.

ಅಂಕಿಯ ಯಂತ್ರದಲ್ಲಿ ಈ ಸಂಭಾಷಣೆಯಿಲ್ಲ. ಅಲ್ಲಿ ಒಂದು ನಿಯಮ ಮಾತ್ರ ಇರುವುದು. ಟ್ಯಾಪು ಒಂದು ಸುತ್ತು ತಿರುಗಿದರೆ ಥ್ರೆಡ್ಡಿನ ಒಂದು ಅಂತರದಷ್ಟೇ ಕೆಳಗಿಳಿಯತಕ್ಕದ್ದು. ಹೆಚ್ಚೂ ಕೂಡದು, ಕಡಿಮೆಯೂ ಕೂಡದು. ಆರು ಮಿಲಿಮೀಟರ್ ಬೋಲ್ಟಿನ ಸಾಮಾನ್ಯ ಥ್ರೆಡ್ಡಿನ ಅಂತರವು 1 ಮಿಲಿಮೀಟರ್. ಟ್ಯಾಪು ನಿಮಿಷಕ್ಕೆ 600 ಸುತ್ತು ತಿರುಗುವುದಾದರೆ ಅದರ ಇಳಿತವು ನಿಮಿಷಕ್ಕೆ 600 ಮಿಲಿಮೀಟರ್ ಆಗಿರಬೇಕು. ಬರೆಯುವವನು ಮರೆತು 500 ಎಂದು ಬರೆದನೆಂದು ಭಾವಿಸೋಣ. ಹದಿನೈದು ಸುತ್ತು ತಿರುಗಲು ಒಂದೂವರೆ ಸೆಕೆಂಡು ಸಾಕು. ಅಷ್ಟರಲ್ಲಿ ಟ್ಯಾಪು 15 ಮಿಲಿಮೀಟರ್ ಇಳಿಯಬೇಕಾದಲ್ಲಿ ಯಂತ್ರವು ಅದನ್ನು 12.5 ಮಿಲಿಮೀಟರಿಗೆ ತಡೆದು ಹಿಡಿಯುವುದು. ತಾನು ಗೀರಿದ ದಾರಿಯಲ್ಲಿ ಟ್ಯಾಪು ಕೆಳಕ್ಕೆ ಎಳೆಯುವುದು, ಯಂತ್ರವು ಬಿಡದು. ನಡುವೆ ಸಿಕ್ಕ ಮೆತ್ತನೆಯ ಅಲ್ಯೂಮಿನಿಯಂ ಹರಿದುಹೋಗುವುದು. ಯಂತ್ರಕ್ಕೆ ಇದರಲ್ಲಿ ದುಃಖವೂ ಇಲ್ಲ, ನಾಚಿಕೆಯೂ ಇಲ್ಲ. ಅದು ಹೇಳಿದಂತೆ ಮಾಡಿತು.

ಇಲ್ಲಿ ಪೂರ್ವಪಕ್ಷವು ಹೀಗೆ ಹುಟ್ಟುವುದು. ಮಾಡಿದುದು ಯಂತ್ರ, ಮನುಷ್ಯನು ಗುಂಡಿಯೊತ್ತಿದನು, ಅಷ್ಟೆ. ಕೆಲಸವು ಚೆನ್ನಾದರೆ ಯಂತ್ರದ ಕೀರ್ತಿ. ಕೆಟ್ಟರೆ ಯಂತ್ರದ ದೋಷ. ಕರ್ತೃತ್ವವಿಲ್ಲದವನಿಗೆ ಕಾಯಕವಿಲ್ಲ, ಕಾಯಕವಿಲ್ಲದವನಿಗೆ ಹೊಣೆಯೂ ಇಲ್ಲ. ಆದುದರಿಂದ ಇಂತಹ ಕೆಲಸವು ಹೊಟ್ಟೆಪಾಡಿನ ವೃತ್ತಿಯೇ ಹೊರತು ಕಾಯಕವಲ್ಲ.

ಈ ವಾದವು ಮೇಲುನೋಟಕ್ಕೆ ಬಲವಾದುದು. ಆದರೆ ಕೆಲಸವನ್ನು ಕಲಿಯುವವನ ಪಕ್ಕದಲ್ಲಿ ನಿಂತು ನೋಡಿದರೆ ಅದು ನಿಲ್ಲುವುದಿಲ್ಲ. ಕಲಿಯುವವನು ಗುಂಡಿಯೊತ್ತುವುದಕ್ಕೆ ಮುಂಚೆ ನಿರ್ಣಯಿಸಬೇಕಾದುದು ಎಷ್ಟಿದೆ ಎಂಬುದನ್ನು ನೋಡಬೇಕು.

ಮೊದಲನೆಯದು ರಂಧ್ರದ ಅಳತೆ. ಆರು ಮಿಲಿಮೀಟರಿನ ಈ ಥ್ರೆಡ್ಡಿಗೆ ಸಾಮಾನ್ಯವಾಗಿ 5 ಮಿಲಿಮೀಟರ್ ರಂಧ್ರ ಕೊರೆಯುವರು. ಆಗ ಥ್ರೆಡ್ಡು ತನ್ನ ಪೂರ್ಣ ಎತ್ತರದ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು ಮೂಡುವುದು. ಹೊಸಬನಿಗೆ ಇದು ಅರೆಕೆಲಸವೆಂದು ತೋರುವುದು. ಇನ್ನೂ ಸಣ್ಣ ರಂಧ್ರ ಕೊರೆದು ಪೂರ್ಣ ಥ್ರೆಡ್ಡನ್ನೇ ಪಡೆಯಬಾರದೇಕೆ ಎಂದು ಅವನು ಕೇಳುವನು. ಹಾಗೆ ಮಾಡಿದರೆ ಟ್ಯಾಪಿನ ಮೇಲಿನ ಭಾರವು ಬಹಳವಾಗಿ ಏರಿ ಅದು ಒಳಗೇ ಮುರಿಯುವುದು. ಅಷ್ಟು ಕಷ್ಟಕ್ಕೆ ತಕ್ಕ ಬಲವು ಮಾತ್ರ ಬೋಲ್ಟಿಗೆ ದೊರೆಯದು. ಎಷ್ಟು ಸಾಕೆಂಬುದನ್ನು ಅರಿಯುವುದು ಈ ವಿದ್ಯೆಯ ಮೊದಲ ಪಾಠ. ಮನೆಯಲ್ಲಿ ದಿನದ ಅಕ್ಕಿಗಿಂತ ಹೆಚ್ಚು ಬಂದಾಗ ಅದನ್ನು ತಿರುಗಿ ಸುರಿದು ಬರುವಂತೆ ಗಂಡನಿಗೆ ಹೇಳಿದ ಆಯ್ದಕ್ಕಿ ಲಕ್ಕಮ್ಮನನ್ನು ಬಲ್ಲವರಿಗೆ ಈ ಪಾಠವು ಹೊಸದಲ್ಲ.

ಎರಡನೆಯದು ಆಳ. ಅಲ್ಯೂಮಿನಿಯಂ ಉಕ್ಕಿನಷ್ಟು ಗಟ್ಟಿಯಲ್ಲವಾದುದರಿಂದ ಬೋಲ್ಟಿನ ದಪ್ಪದ ಒಂದೂವರೆಯಿಂದ ಎರಡರಷ್ಟು ಉದ್ದ ಥ್ರೆಡ್ಡು ಹಿಡಿದಿರುವಂತೆ ನೋಡಿಕೊಳ್ಳುವರು. ಆರು ಮಿಲಿಮೀಟರ್ ಬೋಲ್ಟಿಗೆ 12 ಮಿಲಿಮೀಟರ್ ಥ್ರೆಡ್ಡು ಬೇಕೆಂದರೆ ರಂಧ್ರವನ್ನು ಅಷ್ಟೇ ಕೊರೆದರೆ ಸಾಲದು; ಇನ್ನೂ ಕೆಲವು ಮಿಲಿಮೀಟರ್ ಆಳ ಬೇಕು. ಟ್ಯಾಪಿನ ತುದಿಯು ಚೂಪಾಗಿರುವುದರಿಂದ ಅದರ ಮೊದಲ ಕೆಲವು ಹಲ್ಲುಗಳು ಪೂರ್ಣ ಥ್ರೆಡ್ಡನ್ನು ಮಾಡುವುದಿಲ್ಲ. ಅಲ್ಲದೆ ಚೂರುಗಳಿಗೂ ಇರಲು ಸ್ಥಳ ಬೇಕು. ಸ್ಥಳವಿಡದೆ ಹೋದರೆ ಟ್ಯಾಪು ತಳಕ್ಕೆ ತಾಗಿ ಮುರಿಯುವುದು.

ಮೂರನೆಯದು ಚೂರುಗಳ ದಾರಿ. ರಂಧ್ರವು ಒಂದು ಬದಿಯಿಂದ ಇನ್ನೊಂದು ಬದಿಗೆ ಹಾಯ್ದಿದ್ದರೆ ಚೂರನ್ನು ಮುಂದಕ್ಕೆ ತಳ್ಳುವ ಟ್ಯಾಪು ತಕ್ಕುದು. ತಳವಿರುವ ರಂಧ್ರವಾದರೆ ಸುರುಳಿಗಾಲುವೆಯುಳ್ಳ ಟ್ಯಾಪಿನಿಂದ ಚೂರನ್ನು ಮೇಲಕ್ಕೆ ತರಬೇಕು. ಚೂರು ಮಾಡದೆ ಲೋಹವನ್ನು ಒತ್ತಿ ಒತ್ತಿಯೇ ಥ್ರೆಡ್ಡಿನ ಆಕಾರಕ್ಕೆ ತರುವ ಟ್ಯಾಪುಗಳೂ ಉಂಟು. ಅಲ್ಯೂಮಿನಿಯಂನಂತಹ ಮೆತ್ತನೆಯ ಲೋಹಕ್ಕೆ ಅವು ಒಗ್ಗುವುವು. ಆದರೆ ಆಗ ರಂಧ್ರವು 5 ಮಿಲಿಮೀಟರ್ ಇದ್ದರಾಗದು, ಸುಮಾರು ಐದೂವರೆ ಇರಬೇಕು. ಟ್ಯಾಪನ್ನು ಬದಲಿಸಿ ರಂಧ್ರವನ್ನು ಬದಲಿಸದವನು ಟ್ಯಾಪನ್ನು ಕಳೆದುಕೊಳ್ಳುವನು.

ನಾಲ್ಕನೆಯದು ಲೋಹದ ಸ್ವಭಾವ. ಮೆತ್ತಗಿದೆಯೆಂದು ಅಲ್ಯೂಮಿನಿಯಂ ಸುಲಭವೆಂದು ತಿಳಿಯಬಾರದು. ಬಿಸಿಯಾದಾಗ ಅದು ಕೊರೆಯುವ ಅಂಚಿಗೆ ಅಂಟಿಕೊಳ್ಳುವುದು. ಅಂಟಿದುದರ ಮೇಲೆ ಮತ್ತೆ ಅಂಟುವುದು. ಹರಿತವಾದ ಟ್ಯಾಪು ಮೊಂಡಾದಂತೆ ವರ್ತಿಸಿ ಥ್ರೆಡ್ಡನ್ನು ಕಿತ್ತುಹಾಕುವುದು. ಹಿಂದಿನ ಕೆಲಸಗಾರರು ಇದಕ್ಕೆ ಸೀಮೆಎಣ್ಣೆಯನ್ನು ಹಾಕುತ್ತಿದ್ದರು. ಈಗ ಯಂತ್ರದಲ್ಲಿ ತಂಪುದ್ರವವು ಹರಿಯುವುದು. ಆ ದ್ರವವು ರಂಧ್ರದೊಳಕ್ಕೆ ತಲುಪುತ್ತಿದೆಯೋ ಇಲ್ಲವೋ ಎಂದು ನೋಡತಕ್ಕವನು ಮನುಷ್ಯನೇ.

ಇವೆಲ್ಲವನ್ನೂ ಕೂಡಿಸಿ ನೋಡಿದರೆ ಪೂರ್ವಪಕ್ಷದ ಕುಂದು ಎಲ್ಲಿದೆಯೆಂಬುದು ಕಾಣುವುದು. ಕೈಕೆಲಸದಲ್ಲಿ ಎಚ್ಚರವು ಕ್ರಿಯೆಯ ನಡುವೆ ಇದ್ದಿತು. ಯಂತ್ರದ ಕೆಲಸದಲ್ಲಿ ಅದು ಕ್ರಿಯೆಗೆ ಮುಂಚೆಯೂ ಕ್ರಿಯೆಯ ಅನಂತರವೂ ಇರಬೇಕಾಯಿತು. ಒಂದೂವರೆ ಸೆಕೆಂಡಿನಲ್ಲಿ ಮುಗಿಯುವ ಕೆಲಸದ ನಡುವೆ ತಿದ್ದಿಕೊಳ್ಳಲು ಅವಕಾಶವಿಲ್ಲ. ಆದುದರಿಂದ ತಿದ್ದಬೇಕಾದುದೆಲ್ಲವನ್ನೂ ಮೊದಲೇ ಮನಸ್ಸಿನಲ್ಲಿ ನಡೆಸಿ ನೋಡಬೇಕು. ಮಣಿಕಟ್ಟು ಹೊರುತ್ತಿದ್ದ ಭಾರವನ್ನು ಬುದ್ಧಿಯು ಹೊತ್ತಿತು. ಅರಿವು ಮುಂದಾಗಿ ಕ್ರಿಯೆಯು ಅದನ್ನು ಅನುಸರಿಸಬೇಕೆಂಬುದು ಶರಣರ ಮತವಲ್ಲವೆ? ಇಲ್ಲಿ ಆ ಕ್ರಮವು ಅನಿವಾರ್ಯವೇ ಆಯಿತು. ಬುದ್ಧಿಯೂ ಕಾಯದ ಹೊರಗಿನದಲ್ಲ. ಕಣ್ಣು ದಣಿಯುವುದು, ತಲೆ ದಣಿಯುವುದು, ರಾತ್ರಿಯ ಪಾಳಿಯಲ್ಲಿ ನಿಂತ ಕಾಲುಗಳೂ ದಣಿಯುವುವು. ಹೀಗಿರಲು ಇದು ಕಾಯಕವಲ್ಲವೆನ್ನಲು ಆಧಾರವಿಲ್ಲ.

ಆದರೆ ವಿಚಾರವು ಇಲ್ಲಿಗೆ ಮುಗಿಯದು. ಬುದ್ಧಿಯಿಂದ ಮಾಡಿದ ಕೆಲಸವೆಲ್ಲ ಕಾಯಕವಾಗಲಾರದು, ಕಳ್ಳನಿಗೂ ಬುದ್ಧಿಯುಂಟು. ಕಾಯಕಕ್ಕೆ ಸತ್ಯಶುದ್ಧವೆಂಬ ವಿಶೇಷಣವು ಸುಮ್ಮನೆ ಬಂದುದಲ್ಲ. ಈ ಕೆಲಸದಲ್ಲಿ ಸತ್ಯದ ಪರೀಕ್ಷೆಯು ಕಠಿಣವಾದುದು. ಏಕೆಂದರೆ ಥ್ರೆಡ್ಡು ಇರುವುದು ರಂಧ್ರದ ಒಳಗೆ. ಹೊರಮೈ ಕನ್ನಡಿಯಂತೆ ಹೊಳೆಯುತ್ತಿರಬಹುದು. ಒಳಗೆ ಮೂರು ಸುತ್ತು ಹರಿದಿರಬಹುದು. ಬೋಲ್ಟನ್ನು ಬೆರಳಿನಿಂದ ಹಾಕಿದರೆ ಅದು ಕೂತುಕೊಳ್ಳುವುದು; ಬಲದಿಂದ ಬಿಗಿಯುವವರೆಗೆ ಗುಟ್ಟು ಹೊರಬೀಳದು. ಕೊಳ್ಳುವವನು ನೂರು ತುಂಡುಗಳಲ್ಲಿ ನಾಲ್ಕೈದನ್ನು ಮಾತ್ರ ಪರೀಕ್ಷಿಸುವುದುಂಟು. ಉಳಿದವುಗಳ ವಿಷಯದಲ್ಲಿ ಮಾಡಿದವನ ಮನಸ್ಸೇ ಸಾಕ್ಷಿ.

ಪರೀಕ್ಷೆಗೆ ಒಂದು ಸಣ್ಣ ಸಾಧನವುಂಟು. ಗೇಜು ಎಂದು ಅದರ ಹೆಸರು. ಅದಕ್ಕೆ ಎರಡು ತುದಿಗಳು. ಒಂದು ತುದಿಯು ರಂಧ್ರದೊಳಗೆ ಸರಾಗವಾಗಿ ಕೊನೆಯವರೆಗೆ ತಿರುಗಿ ಹೋಗಬೇಕು. ಇನ್ನೊಂದು ತುದಿಯು ಹೋಗಬಾರದು. ಹೊಕ್ಕರೂ ಎರಡು ಸುತ್ತಿಗಿಂತ ಹೆಚ್ಚು ಹೋಗಬಾರದು. ಹೋಗಬೇಕಾದುದು ಹೋಗದಿದ್ದರೆ ಬೋಲ್ಟೇ ಕೂರುವುದಿಲ್ಲ. ಆ ದೋಷವು ತಾನಾಗಿ ಬಯಲಾಗುವುದು. ಹೋಗಬಾರದ ತುದಿಯು ಹೋದರೆ ಮಾತ್ರ ದೋಷವು ಅಡಗಿರುವುದು. ಬೋಲ್ಟು ಕೂರುವುದು, ಆದರೆ ಸಡಿಲವಾಗಿ ಕೂರುವುದು. ಆದಕಾರಣ ಆತುರದಲ್ಲಿರುವವನು ಮೊದಲ ತುದಿಯನ್ನು ಹಾಕಿ ನೋಡಿ ಎರಡನೆಯದನ್ನು ಬಿಟ್ಟುಬಿಡುವನು. ಬಾಳಿನಲ್ಲಿಯೂ ಮಾಡಬೇಕಾದುದನ್ನು ಮಾಡಿದೆವೆಂದು ಎಣಿಸಿಕೊಳ್ಳುವವರು ಬಹಳ. ಮಾಡಬಾರದುದನ್ನು ಬಿಟ್ಟೆವೆಯೋ ಎಂದು ಪರೀಕ್ಷಿಸಿಕೊಳ್ಳುವವರು ಕೆಲವರು.

ಈ ಕೆಟ್ಟ ಥ್ರೆಡ್ಡಿನಿಂದ ಅನ್ಯಾಯಕ್ಕೆ ಒಳಗಾಗುವವನು ಯಾರು? ಮಾಡಿದವನು ಅವನನ್ನು ಎಂದೂ ಕಾಣಲಾರನು. ಮೂರು ವರ್ಷಗಳ ಅನಂತರ ಯಾವುದೋ ಹಳ್ಳಿಯ ಹೊಲದಲ್ಲಿ ಪಂಪನ್ನು ಬಿಚ್ಚಿ ಜೋಡಿಸುವ ಮೇಸ್ತ್ರಿಯಾಗಿರಬಹುದು. ರಾತ್ರಿ ದಾರಿಯಲ್ಲಿ ಗಾಡಿ ನಿಂತುಹೋದ ಪ್ರಯಾಣಿಕನಾಗಿರಬಹುದು. ಹಿಂದಿನ ಕಾಲದಲ್ಲಿ ಪ್ರತಿಯೊಂದು ಕಮ್ಮಟವೂ ತನ್ನದೇ ಅಳತೆಯ ಥ್ರೆಡ್ಡನ್ನು ಮಾಡುತ್ತಿತ್ತು. ಒಬ್ಬನ ಬೋಲ್ಟು ಮತ್ತೊಬ್ಬನ ನಟ್ಟಿಗೆ ಕೂಡುತ್ತಿರಲಿಲ್ಲ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಎಂಬವನು 1841ರಲ್ಲಿ ಎಲ್ಲರಿಗೂ ಒಂದೇ ಅಳತೆ ಇರಲೆಂದು ಸೂಚಿಸಿದನು. ಇಂದು ಲೋಕದ ಬಹುಭಾಗವು ಮೆಟ್ರಿಕ್ ಅಳತೆಯನ್ನು ಅನುಸರಿಸುವುದು. ಇದರ ಅರ್ಥವೇನು? ಜರ್ಮನಿಯಲ್ಲಿ ಮಾಡಿದ ಬೋಲ್ಟು ಕಲಬುರಗಿಯಲ್ಲಿ ಕೊರೆದ ರಂಧ್ರದಲ್ಲಿ ಕೂರುವುದೆಂದು ಒಬ್ಬರನ್ನೊಬ್ಬರು ಕಾಣದವರು ಪರಸ್ಪರ ನಂಬಿದ್ದಾರೆ. ಈ ನಂಬಿಕೆಯ ಮೇಲೆ ಯಂತ್ರಲೋಕವು ನಿಂತಿದೆ. ಕೆಟ್ಟ ಥ್ರೆಡ್ಡನ್ನು ಗೊತ್ತಿದ್ದೂ ಕಳುಹಿಸುವವನು ಆ ನಂಬಿಕೆಯಿಂದ ಕದ್ದಂತಾಯಿತು.

ದಾಸೋಹದ ಅಡುಗೆಮನೆಯನ್ನು ನೆನೆದರೆ ಇದು ಸ್ಪಷ್ಟವಾಗುವುದು. ಅಲ್ಲಿ ಬೇಳೆ ಆರಿಸುವವರು ಉಣ್ಣುವವರ ಮುಖವನ್ನು ಕಾಣರು. ಬರುವವರು ಯಾರೆಂದು ಕೇಳುವುದೂ ದಾಸೋಹದ ಧರ್ಮವಲ್ಲ. ಆದರೂ ಬೇಳೆಯಲ್ಲಿನ ಕಲ್ಲನ್ನು ಆರಿಸುವರು. ಕಾಣದವನ ಹಲ್ಲಿಗಾಗಿ ಕಲ್ಲು ಆರಿಸುವುದೂ, ಕಾಣದವನ ಬೋಲ್ಟಿಗಾಗಿ ಥ್ರೆಡ್ಡನ್ನು ಪರೀಕ್ಷಿಸುವುದೂ ಒಂದೇ ಜಾತಿಯ ಕೆಲಸಗಳು. ಹೊಲದ ಹಕ್ಕಿಗೂ ಕಾಳು ಸಲ್ಲಬೇಕೆಂದು ತಿಳಿದ ಶರಣಬಸವೇಶ್ವರರ ಊರಿನಲ್ಲಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಶಂಕೆಯು ಉಳಿಯುವುದು. ಕಲಿಯುವವನು ತಪ್ಪದೆ ಕಲಿಯಲಾರನು. ಟ್ಯಾಪು ಮುರಿಯುವುದು, ಮುರಿದ ತುಂಡು ರಂಧ್ರದಲ್ಲಿ ಸಿಕ್ಕಿಕೊಳ್ಳುವುದು. ಅದು ಗಟ್ಟಿ ಉಕ್ಕಾದುದರಿಂದ ಸಾಧಾರಣ ಡ್ರಿಲ್ಲಿಗೆ ಬಗ್ಗದು. ವಿದ್ಯುತ್ತಿನ ಕಿಡಿಯಿಂದ ಲೋಹವನ್ನು ಸವೆಸುವ ಬೇರೊಂದು ಯಂತ್ರಕ್ಕೆ ಒಯ್ಯಬೇಕಾಗುವುದು. ಅರ್ಧ ದಿನದ ಕೆಲಸ ಹಾಳಾಗುವುದು. ಇದೂ ಪಾಪವೇ?

ಇಲ್ಲಿ ಪ್ರಮಾದಕ್ಕೂ ವಂಚನೆಗೂ ಇರುವ ಭೇದವನ್ನು ಬಿಡದೆ ಹಿಡಿಯಬೇಕು. ಅರಿಯದೆ ಆದುದು ಪ್ರಮಾದ; ಅರಿತು ಮುಚ್ಚಿದುದು ವಂಚನೆ. ಹರಿದ ಥ್ರೆಡ್ಡನ್ನು ಹೇಳಿದವನು ಒಂದು ತುಂಡನ್ನು ಕೆಡಿಸಿದನು. ಹೇಳದೆ ರಾಶಿಯಲ್ಲಿ ಸೇರಿಸಿದವನು ರಾಶಿಯನ್ನೇ ಸಂಶಯಕ್ಕೆ ಗುರಿಮಾಡಿದನು. ಹರಿದ ರಂಧ್ರವನ್ನು ದೊಡ್ಡದು ಮಾಡಿ ಉಕ್ಕಿನ ತಂತಿಯ ಸುರುಳಿಯನ್ನು ಕೂರಿಸಿ ಸರಿಪಡಿಸುವ ವಿಧಾನವು ಉಂಟು. ಹಾಗೆ ಮಾಡಿದುದು ಹಲವು ವೇಳೆ ಮೊದಲಿಗಿಂತಲೂ ಗಟ್ಟಿಯಾಗಿರುವುದು. ಕೊಳ್ಳುವವನಿಗೆ ತಿಳಿಸಿ, ಅವನು ಒಪ್ಪಿದ ಮೇಲೆ ಮಾಡಿದರೆ ಅದು ದುರಸ್ತಿ. ತಿಳಿಸದೆ ಮಾಡಿದರೆ, ಕೆಲಸವು ಗಟ್ಟಿಯಾಗಿದ್ದರೂ ಮಾತು ಸುಳ್ಳಾಯಿತು.

ಹಾಗೆಂದು ಹೊಣೆಯನ್ನೆಲ್ಲ ಕಲಿಯುವವನ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಮುರಿದ ಟ್ಯಾಪಿನ ಬೆಲೆಯನ್ನು ಸಂಬಳದಲ್ಲಿ ಕತ್ತರಿಸುವ, ಹತ್ತು ಜನರ ಮುಂದೆ ಬೈಯುವ, ದಿನಕ್ಕೆ ಇಷ್ಟು ತುಂಡುಗಳೇ ಆಗಬೇಕೆಂದು ಎಣಿಸುವ ಯಜಮಾನನು ಸುಳ್ಳನ್ನು ತಾನೇ ಬಿತ್ತಿದಂತೆ. ಹೆದರಿದವನು ಮುಚ್ಚುವನು. ಕಲಿಸುವವನು ಬೆಲೆಬಾಳುವ ತುಂಡನ್ನು ಕೊಡುವ ಮುಂಚೆ ಗುಜರಿಯ ತುಂಡಿನಲ್ಲಿ ಇಪ್ಪತ್ತು ರಂಧ್ರಗಳನ್ನು ಮಾಡಿಸಲಿ. ಹಾಗೆ ಮಾಡಿದುದನ್ನು ಉದ್ದಕ್ಕೆ ಸೀಳಿ ಒಳಗಿನ ಥ್ರೆಡ್ಡನ್ನು ಕಣ್ಣಿಗೆ ತೋರಿಸಲಿ. ಕಾಣದುದನ್ನು ಒಮ್ಮೆ ಕಂಡವನು ಮುಂದೆ ಕಾಣದಿದ್ದರೂ ನೆನೆಯುವನು. ಕಾಯಕದ ಶುದ್ಧಿಯನ್ನು ಕೆಲಸಗಾರನಿಂದ ಬೇಡುವ ಯಜಮಾನನು ಆ ಶುದ್ಧಿಗೆ ಬೇಕಾದ ಸಮಯವನ್ನೂ ಕೂಲಿಯನ್ನೂ ಧೈರ್ಯವನ್ನೂ ಕೊಡಲೇಬೇಕು.

ಗೃಹಸ್ಥರಿಗೂ ಇದರಲ್ಲಿ ಪಾಲುಂಟು. ಕಾರಖಾನೆಯಿಂದ ಮನೆಗೆ ಬಂದ ಮಗನನ್ನೋ ಮಗಳನ್ನೋ ಸಂಬಳವೆಷ್ಟು ಎಂದು ಕೇಳುವುದು ಸಹಜ. ಅದರ ಜೊತೆಗೆ ಇಂದು ಏನು ಕೆಟ್ಟಿತು, ಕೆಟ್ಟುದನ್ನು ಏನು ಮಾಡಿದೆ ಎಂದೂ ಶಾಂತವಾಗಿ ಕೇಳುವ ಮನೆಯಲ್ಲಿ ಬೆಳೆದ ಮಕ್ಕಳು ಯಜಮಾನನ ಮುಂದೆಯೂ ಸತ್ಯವನ್ನು ಆಡಬಲ್ಲರು.

ಆದುದರಿಂದ ಸಿದ್ಧಾಂತವಿಷ್ಟು. ಯಂತ್ರವು ಕ್ರಿಯೆಯನ್ನು ತೆಗೆದುಕೊಂಡಿತು. ಅರಿವನ್ನೂ ಹೊಣೆಯನ್ನೂ ತೆಗೆದುಕೊಳ್ಳಲಿಲ್ಲ, ತೆಗೆದುಕೊಳ್ಳಲಾರದು. ಮುಂಚೆ ಸರಿಯಾಗಿ ಎಣಿಸಿ, ಅನಂತರ ಎರಡೂ ತುದಿಗಳಿಂದ ಪರೀಕ್ಷಿಸಿ, ಕೆಟ್ಟುದನ್ನು ಕೆಟ್ಟಿತೆಂದು ಹೇಳಿ ಬೇರೆ ಇಡುವವನ ಕೆಲಸವು ಹಗ್ಗ ಹೊಸೆದ ಚಂದಯ್ಯನ ಕೆಲಸದಂತೆ ಕಾಯಕವೇ ಸರಿ. ಹಾಗೆ ಮಾಡದವನು ಕೈಯಿಂದಲೇ ದುಡಿದರೂ ಕಾಯಕಿಯಲ್ಲ. ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ನೋಡಿದ ಕಣ್ಣು ಮರುಗಳಿಗೆ ಗೇಜಿನ ಎರಡನೆಯ ತುದಿಯನ್ನು ನೋಡಲು ಬೇಸರಪಡದಿರಲಿ. ಬೇಸರಪಡದೆ ನೋಡಿದ ದಿನದ ಕೂಲಿಯು ಮನೆಗೂ ದಾಸೋಹಕ್ಕೂ ಸಲ್ಲುವುದು.